ವಿಚ್ಛೇದನಕ್ಕೆ ಮುಂಚೆಯೇ ಮನೆ ಬಿಟ್ಟರೆ ಆಸ್ತಿ, ಒಡವೆ, ವಾಸದ ಹಕ್ಕು ಏನಾಗುತ್ತದೆ?

ಹೊಂಗೆನೆರಳು:
ಈ ಪ್ರಶ್ನೆ ಇಲ್ಲಿ ಪದೇ ಪದೇ ಬರುತ್ತದೆ, ಉತ್ತರಗಳು ಮಾತ್ರ ಚೆದುರಿ ಹೋಗಿವೆ. ಎಲ್ಲ ಒಂದೇ ಕಡೆ ಸಿಗಲಿ ಎಂದು ಒಂದು ಸನ್ನಿವೇಶ ಇಡುತ್ತೇನೆ. ಬೆಂಗಳೂರಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಫ್ಲ್ಯಾಟ್, ಸಾಲಕ್ಕೂ ಇಬ್ಬರ ಸಹಿ. ಕಂತು ಗಂಡನ ಖಾತೆಯಿಂದ ಹೋಗುತ್ತದೆ, ಮನೆಖರ್ಚು ಹೆಂಡತಿಯ ಸಂಬಳದಿಂದ ನಡೆಯುತ್ತದೆ. ಮದುವೆಯ ಒಡವೆ ಜಂಟಿ ಲಾಕರಿನಲ್ಲಿದೆ. ಹೆಂಡತಿ ಮಗುವನ್ನು ಕರೆದುಕೊಂಡು ಹಾಸನದ ತವರಿಗೆ ಹೋಗಿ ಅಲ್ಲಿಂದ ಮುಂದಿನದನ್ನು ನೋಡಬೇಕೆಂದಿದ್ದಾಳೆ. "ಹೊಸ್ತಿಲು ದಾಟಿದರೆ ಹಕ್ಕೂ ಹೋಯಿತು" ಎಂದು ಎರಡೂ ಕಡೆಯವರು ಹೇಳುತ್ತಿದ್ದಾರೆ. ಇದರಲ್ಲಿ ನಿಜ ಎಷ್ಟು? ಹೊರಡುವ ಮುಂಚೆ ಏನು ಮಾಡಿಕೊಳ್ಳಬೇಕು? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ಚಾವಡಿಕಟ್ಟೆ:
ಹೊಸ್ತಿಲು ದಾಟಿದರೆ ಒಡೆತನ ಹೋಗುವುದಿಲ್ಲ. ಗೋವಾ ಒಂದನ್ನು ಬಿಟ್ಟರೆ ನಮ್ಮ ದೇಶದಲ್ಲಿ ಮದುವೆಯಾದ ಮಾತ್ರಕ್ಕೆ ಒಬ್ಬರ ಆಸ್ತಿ ಇಬ್ಬರದಾಗುವುದಿಲ್ಲ. ಹಾಗೆಯೇ ಮನೆ ಬಿಟ್ಟ ಮಾತ್ರಕ್ಕೆ ಇದ್ದ ಪಾಲು ಕಳಚಿಕೊಳ್ಳುವುದೂ ಇಲ್ಲ. ನೋಂದಾಯಿತ ಕ್ರಯಪತ್ರದಲ್ಲಿ ಇಬ್ಬರ ಹೆಸರಿದ್ದರೆ, ಆಕೆ ಹಾಸನದಲ್ಲಿದ್ದರೂ ಹಾಂಗ್‌ಕಾಂಗಿನಲ್ಲಿದ್ದರೂ ಆಕೆಯ ಪಾಲು ಆಕೆಯದೇ.

ಗೊಂದಲ ಹುಟ್ಟುವುದು ಮೂರು ಬೇರೆ ಬೇರೆ ಹಕ್ಕುಗಳನ್ನು ಒಂದೇ ಗಂಟಿನಲ್ಲಿ ಕಟ್ಟುವುದರಿಂದ. ಒಡೆತನ ಕಾಗದದ ಮೇಲೆ ನಿಲ್ಲುತ್ತದೆ. ವಾಸದ ಹಕ್ಕು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆಯಿಂದ ಬರುತ್ತದೆ. ಅದಕ್ಕೆ ಮನೆ ಯಾರ ಹೆಸರಿನಲ್ಲಿದೆ ಎಂಬುದು ಮುಖ್ಯವಲ್ಲ. ಸ್ತ್ರೀಧನ, ಅಂದರೆ ಆಕೆಗೆಂದು ಕೊಟ್ಟ ಒಡವೆ, ಉಡುಗೊರೆ, ಇವೆರಡಕ್ಕೂ ಸೇರದ ಮೂರನೆಯದು. ಅದು ಮೊದಲಿನಿಂದಲೂ ಆಕೆಯೊಬ್ಬಳದೇ ಸ್ವತ್ತು. ಜೀವನಾಂಶ ಇವುಗಳ ಪಕ್ಕದಲ್ಲಿ ನಡೆಯುವ ಪ್ರತ್ಯೇಕ ವಿಷಯ.

"ವಿಚ್ಛೇದನದಲ್ಲಿ ಗಂಡನ ಆಸ್ತಿಯ ಅರ್ಧ ಹೆಂಡತಿಗೆ" ಎಂಬ ಮಾತು ವಾಟ್ಸಾಪಿನಲ್ಲಿ ಸುತ್ತುತ್ತಿರುತ್ತದೆ. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡುವ ಒಂದು ಮಸೂದೆ 2013ರಲ್ಲಿ ರಾಜ್ಯಸಭೆಯಲ್ಲಿ ಅಂಗೀಕಾರವಾಗಿತ್ತು, ಆದರೆ 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ಹಾಗಾಗಿ ಅಂಥ ಕಾನೂನು ಜಾರಿಯಲ್ಲಿಲ್ಲ. ಗಂಡನೊಬ್ಬನ ಹೆಸರಿನ ನಿವೇಶನದಲ್ಲಿ ಅರ್ಧ ಕೇಳುವ ಅರ್ಜಿ ಅದರಷ್ಟಕ್ಕೇ ನಿಲ್ಲುವುದಿಲ್ಲ. ಜೀವನಾಂಶವನ್ನು ಆ ನಿವೇಶನದ ಮೇಲೆ ಹೊಣೆಯಾಗಿ ಕೂರಿಸುವಂತೆ ಕೇಳಬಹುದು. ಹಿಂದೂ ವಿವಾಹ ಕಾಯ್ದೆಯ 25ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ.

ಮನೆ ಬಿಡುವವರು ನಿಜವಾಗಿ ಕಳೆದುಕೊಳ್ಳುವುದು ದಾಖಲೆಗಳನ್ನು. ಹಕ್ಕು ಇರುತ್ತದೆ, ತೋರಿಸಲು ಕಾಗದ ಇರುವುದಿಲ್ಲ. ಬಾಗಿಲ ಬೀಗ ಬದಲಾದ ಮೇಲೆ ಒಂದು ಬೀರುವಿನಲ್ಲಿ ಏನಿತ್ತೆಂದು ಸಾಬೀತು ಮಾಡಲು ವರ್ಷಗಳು ಹಿಡಿಯುತ್ತವೆ.

ಮಲ್ಲಿಗೆಬಳ್ಳಿ:
ಸರ್, ಹೆಂಡತಿಯೇ ಮನೆ ಬಿಟ್ಟರೆ "ತ್ಯಜಿಸಿ ಹೋದಳು" ಎಂದು ಅವರು ಮೊದಲು ಕೇಸು ಹಾಕುವುದಿಲ್ಲವೇ?

ಚಾವಡಿಕಟ್ಟೆ:
ಹಾಕಬಹುದು, ಆದರೆ ತಕ್ಷಣ ಅಲ್ಲ. ಪರಿತ್ಯಾಗ ವಿಚ್ಛೇದನಕ್ಕೆ ಕಾರಣವಾಗಬೇಕಾದರೆ ಅರ್ಜಿಗೆ ಮುಂಚೆ ಸತತ 2 ವರ್ಷ ಆಗಿರಬೇಕು. ಬೇರೆ ಇರುವುದೊಂದೇ ಸಾಲದು, ಸಂಸಾರವನ್ನು ಶಾಶ್ವತವಾಗಿ ಮುಗಿಸುವ ಉದ್ದೇಶವೂ ಇರಬೇಕು, ಸರಿಯಾದ ಕಾರಣ ಇರಬಾರದು. ಹೊಡೆತ ಬಡಿತಕ್ಕೋ ಅವಮಾನಕ್ಕೋ ಒಬ್ಬರು ಹೊರಬಿದ್ದಿದ್ದರೆ, ಕಾನೂನಿನ ಕಣ್ಣಿನಲ್ಲಿ ತ್ಯಜಿಸಿದವರು ಹೊರಬಿದ್ದವರಲ್ಲ, ಹೊರಬೀಳುವಂತೆ ಮಾಡಿದವರು.

ಹಾಗಾಗಿ ಹೊರಟ ಕಾರಣವನ್ನು ಹೊರಟ ದಿನವೇ, ತಪ್ಪಿದರೆ ಆ ವಾರದಲ್ಲೇ ಬರಹಕ್ಕೆ ಇಳಿಸಬೇಕು. ನಾಲ್ಕು ಸಾಲಿನ ಇಮೇಲ್ ಸಾಕು: ಯಾವ ದಿನ, ಯಾವ ಕಾರಣಕ್ಕೆ, ಎಲ್ಲಿಗೆ ಹೋಗುತ್ತಿದ್ದೇನೆ, ನನ್ನ ವಸ್ತುಗಳು ಮನೆಯಲ್ಲಿವೆ, ಮನೆಯ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ಬೈಗುಳ ಬೇಡ, ಆರೋಪಗಳ ಪುರಾಣವೂ ಬೇಡ. ಮುಂದೆ ನ್ಯಾಯಾಧೀಶರು ಓದುವ ಮೊದಲ ಕಾಗದ ಇದೇ ಆಗಬಹುದು.

ಜೀವನಾಂಶಕ್ಕೂ ಇದು ಬೇಕು. ಸಾಕಷ್ಟು ಕಾರಣವಿಲ್ಲದೆ ಗಂಡನ ಜೊತೆ ಇರಲು ಒಪ್ಪದ ಹೆಂಡತಿಗೆ ಜೀವನಾಂಶ ಇಲ್ಲ ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಹೇಳುತ್ತದೆ. ಗಂಡ ದಾಂಪತ್ಯ ಹಕ್ಕು ಮರುಸ್ಥಾಪನೆಯ ಡಿಕ್ರಿ, ಅಂದರೆ ಹೆಂಡತಿ ಮರಳಿ ಬಂದು ಬಾಳಬೇಕೆಂಬ ಆದೇಶ ತಂದು ತೋರಿಸಿದರೂ ಅದೊಂದರಿಂದಲೇ ಜೀವನಾಂಶ ತಪ್ಪುವುದಿಲ್ಲ, ಕಾರಣವನ್ನು ನೋಡಲೇಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

ಬೆಳಕಿಂಡಿ:
ಎಲ್ಲಕ್ಕಿಂತ ಮೊದಲು ಒಂದು ಮಾತು. ಜೀವಕ್ಕೆ ಅಪಾಯವಿದ್ದರೆ ಈ ಪಟ್ಟಿ ಗಿಟ್ಟಿ ಯಾವುದನ್ನೂ ನೋಡಬೇಡಿ, ಮಗುವನ್ನು ಎತ್ತಿಕೊಂಡು ಹೊರಡಿ. ಸಹಾಯವಾಣಿ 181, ತುರ್ತಿಗೆ 112. ಬಿಟ್ಟು ಬಂದ ಒಡವೆಯನ್ನು ಆಮೇಲೆ ಪೊಲೀಸರ ನೆರವಿನಿಂದ ತರಿಸಿಕೊಳ್ಳಲು ದಾರಿಯಿದೆ.

ಸಮಯ ಇದ್ದರೆ, ಕಾಗದಗಳನ್ನು ಒಂದೇ ದಿನ ಎತ್ತಬೇಡಿ, ಒಂದೊಂದಾಗಿ ಹೊರಗೆ ಸಾಗಿಸಿ. ಹತ್ತನೇ ತರಗತಿಯ ಅಂಕಪಟ್ಟಿಯಿಂದ ಹಿಡಿದು ಎಲ್ಲ ಮೂಲ ಪ್ರಮಾಣಪತ್ರಗಳು, ಇಬ್ಬರ ಪಾಸ್‌ಪೋರ್ಟ್ ಅಲ್ಲ, ನಿಮ್ಮದು ಮತ್ತು ಮಗುವಿನದು. ಮಗುವಿನ ಜನನ ಪ್ರಮಾಣಪತ್ರ, ಲಸಿಕೆ ಚೀಟಿ, ಮದುವೆ ನೋಂದಣಿ ಪತ್ರ, ಪ್ಯಾನ್, ಆಧಾರ್, ವಿಮೆ ಪಾಲಿಸಿ. ಮದುವೆ ಆಲ್ಬಮ್ ಮರೆಯಬೇಡಿ. ಭಾವನೆಗಾಗಿ ಹೇಳುತ್ತಿಲ್ಲ: ಯಾವ ಸರ, ಯಾವ ಡಾಬು, ಯಾವ ಬಳೆ ಹಾಕಿಕೊಂಡಿದ್ದಿರಿ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಹಾಗೆಯೇ ತವರಿನಲ್ಲಿ ಮುಯ್ಯಿ ಬರೆದಿಟ್ಟ ಪುಸ್ತಕ. ಯಾರು ಏನು ಕೊಟ್ಟರು ಎಂದು ಮದುವೆಯ ದಿನವೇ ಬರೆದದ್ದು ಅದು. ಆಮೇಲೆ ನೆನಪಿನಿಂದ ಮಾಡಿದ ಪಟ್ಟಿಗಿಂತ ಎಷ್ಟೋ ಪಾಲು ಗಟ್ಟಿ.

ಮನೆಯ ಪ್ರತಿ ಕೋಣೆಯನ್ನೂ ನಿಧಾನವಾಗಿ ವಿಡಿಯೋ ಮಾಡಿ, ಬೀರು, ಡ್ರಾಯರ್ ತೆರೆದು. ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಮೂಲ ಸಾಧನ ಕೈಯಲ್ಲಿದ್ದರೆ ಅದು ಸುಲಭ.

ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಬೇಡವೆಂದರೂ ಒಂದು ಮನವಿ ಕೊಟ್ಟು ಹಿಂಬರಹ ಪಡೆಯಿರಿ. ಸ್ವೀಕೃತಿ ಇಲ್ಲದ ದೂರು ಕೊಡದಿದ್ದಷ್ಟಕ್ಕೇ ಸಮ.

ಠೇವಣಿ:
ಬ್ಯಾಂಕಿನ ಕಡೆಯದನ್ನು ನಾನು ಹೇಳುತ್ತೇನೆ. ಇಲ್ಲಿ ಆಗುವ ತಪ್ಪುಗಳು ಹೆಚ್ಚು.

ಮನೆ ಸಾಲ: ಸಾಲಪತ್ರಕ್ಕೆ ಸಹಿ ಹಾಕಿದ ಇಬ್ಬರೂ ಪೂರ್ತಿ ಸಾಲಕ್ಕೆ ಹೊಣೆ, ಅರ್ಧರ್ಧಕ್ಕಲ್ಲ. "ನಾನು ಆ ಮನೆಯಲ್ಲಿ ಇಲ್ಲ" ಎಂಬುದು ಬ್ಯಾಂಕಿಗೆ ಉತ್ತರವಲ್ಲ. ಗಂಡ ಸಿಟ್ಟಿಗೆ ಕಂತು ನಿಲ್ಲಿಸಿದರೆ ಇಬ್ಬರ ಸಿಬಿಲ್ ಅಂಕವೂ ಬೀಳುತ್ತದೆ. 90 ದಿನ ಮೀರಿ ಬಾಕಿ ಉಳಿದರೆ ಸಾಲ ಅನುತ್ಪಾದಕವಾಗುತ್ತದೆ, ಆಮೇಲೆ ಅಡವಿಟ್ಟ ಆಸ್ತಿಯಿಂದ ಸಾಲ ವಸೂಲಿಗೆ ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್ ಬರುತ್ತದೆ. ನೋಟಿಸ್ ಹಳೆಯ ವಿಳಾಸಕ್ಕೇ ಹೋಗುತ್ತದೆ ಎಂಬುದು ನೆನಪಿರಲಿ. ಆದ್ದರಿಂದ ಹೊರಟ ವಾರದಲ್ಲೇ ಶಾಖೆಗೆ ಹೊಸ ವಿಳಾಸ, ನಿಮ್ಮದೇ ಮೊಬೈಲ್ ಸಂಖ್ಯೆ, ನಿಮ್ಮದೇ ಇಮೇಲ್ ಲಿಖಿತವಾಗಿ ಕೊಡಿ. ಸಾಲದ ಖಾತೆಯ ವಿವರಪಟ್ಟಿ ಕೇಳಿ ಪಡೆಯಿರಿ. ಸಹಸಾಲಗಾರರಾಗಿ ಅದು ನಿಮ್ಮ ಹಕ್ಕು.

ಒಂದು ಸಮಾಧಾನವೂ ಇದೆ. ಮೂಲ ಕ್ರಯಪತ್ರ ಬ್ಯಾಂಕಿನ ಕಪಾಟಿನಲ್ಲಿದೆ. ಸಾಲ ತೀರುವ ತನಕ ಒಬ್ಬರೇ ಸದ್ದಿಲ್ಲದೆ ಮಾರುವುದು ಸುಲಭವಲ್ಲ. ಸಾಲ ತೀರಿಸಿದ ದಿನ ಪತ್ರಗಳನ್ನು ಇಬ್ಬರೂ ಹಾಜರಿದ್ದಾಗಲೇ ಕೊಡಿ ಎಂದು ಈಗಲೇ ಬರೆದುಕೊಡುವುದು ಒಳ್ಳೆಯದು.

ಜಂಟಿ ಉಳಿತಾಯ ಖಾತೆ: "ಇಬ್ಬರಲ್ಲಿ ಯಾರಾದರೂ" ಎಂದಿದ್ದರೆ ಯಾರು ಬೇಕಾದರೂ ಪೂರ್ತಿ ತೆಗೆಯಬಹುದು. ವಿವಾದವಿದೆ, ಇನ್ನು ಮುಂದೆ ಇಬ್ಬರ ಸಹಿಯಿಲ್ಲದೆ ವಹಿವಾಟು ಬೇಡ ಎಂದು ಒಬ್ಬರು ಬರೆದುಕೊಟ್ಟರೂ ಬ್ಯಾಂಕ್ ತಡೆಹಿಡಿಯುತ್ತದೆ. ಕಂತು ಅದೇ ಖಾತೆಯಿಂದ ಹೋಗುತ್ತಿದ್ದರೆ ತಡೆ ಹಾಕುವ ಮುಂಚೆ ಯೋಚಿಸಿ, ಕಂತೂ ನಿಲ್ಲುತ್ತದೆ. ಖಾತೆಯನ್ನು ಬರಿದು ಮಾಡಿ ಹೋಗಬೇಡಿ. ನಿಮ್ಮ ಸಂಬಳದ ಪಾಲಿನಷ್ಟು ತೆಗೆದು, ಎಷ್ಟು ಮತ್ತು ಏಕೆ ಎಂದು ಬರೆದಿಡಿ.

ಲಾಕರ್: ಒಬ್ಬರೇ ತೆರೆಯುವ ಷರತ್ತಿದ್ದರೆ ನಿಮ್ಮ ಒಡವೆಯನ್ನು ನೀವು ತೆಗೆಯಬಹುದು. ಇಬ್ಬರೂ ಬೇಕೆಂದಿದ್ದರೆ ನ್ಯಾಯಾಲಯದ ಆದೇಶವಿಲ್ಲದೆ ಬ್ಯಾಂಕ್ ತೆರೆಯುವುದಿಲ್ಲ. ಯಾರು ಯಾವ ದಿನ ಎಷ್ಟು ಗಂಟೆಗೆ ತೆರೆದರು ಎಂಬುದು ಲಾಕರ್ ಪುಸ್ತಕದಲ್ಲಿ ಇರುತ್ತದೆ. ರಿಸರ್ವ್ ಬ್ಯಾಂಕಿನ 2021ರ ನಿರ್ದೇಶನದ ಪ್ರಕಾರ ಲಾಕರ್ ಕೋಣೆಗೆ ಹೋಗಿಬರುವವರ ಸಿಸಿಟಿವಿ ದೃಶ್ಯವನ್ನು ಕನಿಷ್ಠ 180 ದಿನ ಇಡಬೇಕು. ಬೇರೆಯವರು ಖಾಲಿ ಮಾಡಿದ್ದಾರೆಂಬ ಅನುಮಾನವಿದ್ದರೆ ಆ ಅವಧಿಯೊಳಗೇ ದೃಶ್ಯ ಉಳಿಸಿಡುವಂತೆ ಬ್ಯಾಂಕಿಗೆ ಬರೆಯಿರಿ. 181ನೇ ದಿನ ಬಂದರೆ ಶಾಖೆಯವರು ಏನೂ ಮಾಡಲಾರರು.

ಮಲ್ಲಿಗೆಬಳ್ಳಿ:
ಲಾಕರಿನಲ್ಲಿ ಅತ್ತೆ ಹಾಕಿದ ಸರವೂ ಇದ್ದರೆ? ಅದನ್ನೂ ತೆಗೆದುಕೊಂಡು ಹೋಗಬಹುದೇ?

ಚಾವಡಿಕಟ್ಟೆ:
ಮದುವೆಯಲ್ಲೋ ಸೀಮಂತದಲ್ಲೋ ಅತ್ತೆ ಸೊಸೆಗೆ ಉಡುಗೊರೆಯಾಗಿ ಹಾಕಿದ್ದರೆ ಅದೂ ಸ್ತ್ರೀಧನವೇ. ಮದುವೆಗೆ ಮುಂಚೆ, ಮದುವೆಯಲ್ಲಿ, ಮದುವೆಯ ನಂತರ ತವರಿನವರು, ಗಂಡ, ಗಂಡನ ಮನೆಯವರು, ನೆಂಟರು, ಗೆಳತಿಯರು ಆಕೆಗೆಂದು ಕೊಟ್ಟದ್ದೆಲ್ಲ ಅದರಲ್ಲಿ ಸೇರುತ್ತದೆ. ಹಬ್ಬಕ್ಕೆ ಹಾಕಿಕೊಳ್ಳಲು ಕೊಟ್ಟು ಮರಳಿ ಪಡೆಯುತ್ತಿದ್ದ ಮನೆತನದ ಒಡವೆ ಹಾಗಲ್ಲ. ಅದನ್ನು ಮುಟ್ಟದೆ ಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಕಳವಿನ ದೂರಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ. ವರನಿಗೆ ಹಾಕಿದ ಉಂಗುರ, ಗಡಿಯಾರ ಅವನದು. ಫ್ರಿಜ್, ಮಂಚ, ಸೋಫಾದಂಥ ಇಬ್ಬರಿಗೂ ಸೇರಿದ ವಸ್ತುಗಳ ಬಗ್ಗೆ ವಿಚ್ಛೇದನದ ಡಿಕ್ರಿಯಲ್ಲೇ ತೀರ್ಮಾನಿಸಲು ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಇದೆ.

ಸ್ತ್ರೀಧನ ಗಂಡನ ಮನೆಯಲ್ಲಿದ್ದರೆ ಅವರು ಅದನ್ನು ನಂಬಿಕೆಯ ಮೇಲೆ ಇಟ್ಟುಕೊಂಡವರು ಮಾತ್ರ. 1985ರ ಪ್ರತಿಭಾ ರಾಣಿ ಪ್ರಕರಣದಿಂದಲೂ ಸುಪ್ರೀಂ ಕೋರ್ಟಿನ ನಿಲುವು ಇದೇ. ಕೇಳಿದಾಗ ಕೊಡದಿದ್ದರೆ ಅದು ನಂಬಿಕೆದ್ರೋಹದ ಅಪರಾಧ, ಈಗ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ 89 ಪವನ್ ಚಿನ್ನದ ಬಗ್ಗೆ 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಹೆಂಡತಿಗೆ 25 ಲಕ್ಷ ರೂಪಾಯಿ ಕೊಡಿಸಿತು. ಕ್ರಿಮಿನಲ್ ಕೇಸಿನಷ್ಟು ಕಟ್ಟುನಿಟ್ಟಿನ ಪುರಾವೆ ಬೇಕಿಲ್ಲ, ಸಂಭವನೀಯತೆ ಯಾವ ಕಡೆ ತೂಗುತ್ತದೆ ಎಂದು ನೋಡಿದರೆ ಸಾಕು ಎಂಬುದು ಅದರ ತಿರುಳು.

ಇನ್ನೊಂದು ವಿಷಯ. ಒಡವೆ ಕೇಳಬೇಕಾದವಳು ಮಗಳು. ಆಕೆ ಅಧಿಕಾರ ಕೊಡದೆ ತಂದೆ ತನ್ನ ಹೆಸರಿನಲ್ಲಿ ಅಳಿಯನ ಮೇಲೆ ದೂರು ಕೊಟ್ಟರೆ ನಿಲ್ಲುವುದಿಲ್ಲ. ಇದೂ 2024ರದೇ ತೀರ್ಪು, ತೆಲಂಗಾಣದ ಪ್ರಕರಣ.

ಬೆಳಕಿಂಡಿ:
ಒಡವೆಯ ಪಟ್ಟಿಯ ಬಗ್ಗೆ ಎರಡು ಮಾತು. "ಸುಮಾರು ಕಾಲು ಕೆಜಿ ಚಿನ್ನ" ಎಂದು ಬರೆದ ಅರ್ಜಿಗಳು ಸೊರಗುತ್ತವೆ. ಒಂದೊಂದು ವಸ್ತುವಿಗೂ ಒಂದು ಸಾಲು ಬರೆಯಿರಿ: ಹೆಸರು, ಗ್ರಾಂ, ಯಾರು ಯಾವಾಗ ಕೊಟ್ಟರು, ಕೊನೆಗೆ ಎಲ್ಲಿತ್ತು, ಕೀಲಿ ಯಾರ ಬಳಿ. "ಬೋರಮಾಳ ಸರ, 32 ಗ್ರಾಂ, ಅಜ್ಜಿ, ಮದುವೆ, ಮಲಗುವ ಕೋಣೆಯ ಬೀರು, ಕೀಲಿ ಅತ್ತೆಯವರ ಬಳಿ" ಹೀಗೆ. ಬಿಲ್ಲು ತಂದೆಯ ಹೆಸರಿನಲ್ಲಿದ್ದರೂ ಆದೀತು. ಬಿಲ್ಲೇ ಇಲ್ಲದಿದ್ದರೆ ಅಂಗಡಿಯವರನ್ನು ನಕಲು ಕೇಳಿ. ಹೊಸ ಒಡವೆಯಾದರೆ ಹಾಲ್‌ಮಾರ್ಕ್ ಜೊತೆಗಿರುವ ಆರು ಅಕ್ಷರಗಳ ಗುರುತು ಸಂಖ್ಯೆ, ಎಚ್‌ಯುಐಡಿ, ಬರೆದುಕೊಳ್ಳಿ. ಅಡವಿಟ್ಟಿದ್ದರೆ ಅಡವು ಚೀಟಿಯ ಫೋಟೋ ತೆಗೆದುಕೊಳ್ಳಿ; ಒಡವೆ ಎಲ್ಲಿದೆ ಎಂಬುದು ಆ ಚೀಟಿಯಿಂದಲೇ ತಿಳಿಯುವುದು.

ಸಮಚಿತ್ತ:
ಮನೆ ಮಾವನ ಹೆಸರಿನಲ್ಲಿದ್ದರೆ ಸೊಸೆಗೆ ಅಲ್ಲಿ ಏನೂ ಇಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿದೆಯಲ್ಲ? ಫ್ಲ್ಯಾಟನ್ನು ಮಾವನ ಹೆಸರಿಗೆ ಮಾಡಿಬಿಟ್ಟರೆ ಮುಗಿಯಿತು ಎಂದು ಸಲಹೆ ಕೊಡುವವರಿದ್ದಾರೆ.

ಚಾವಡಿಕಟ್ಟೆ:
ಅದು 2006ರ ಡಿಸೆಂಬರಿನ ಬಾತ್ರಾ ತೀರ್ಪು. 2020ರ ಅಕ್ಟೋಬರ್ 15ರಂದು ಮೂವರು ನ್ಯಾಯಮೂರ್ತಿಗಳ ಪೀಠ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಅದನ್ನು ತಳ್ಳಿಹಾಕಿತು. ಈಗ ಮನೆ ಅತ್ತೆ ಮಾವಂದಿರದಾದರೂ, ಆಕೆ ಅಲ್ಲಿ ಸಂಸಾರ ಹೂಡಿ ಸ್ಥಿರವಾಗಿ ಬಾಳಿದ್ದರೆ ವಾಸದ ಹಕ್ಕು ಕೇಳಬಹುದು. ನಾಲ್ಕು ದಿನ ಉಳಿದ ನೆಂಟರ ಮನೆಗೆ ಇದು ಅನ್ವಯಿಸುವುದಿಲ್ಲ.

ಹೆಸರು ಬದಲಿಸುವ ಉಪಾಯಕ್ಕೆ ಉತ್ತರ ನಮ್ಮ ಬೆಂಗಳೂರಿನ ಪ್ರಕರಣದಲ್ಲೇ ಇದೆ: 2020ರ ಡಿಸೆಂಬರ್ 15ರ ಎಸ್. ವನಿತಾ ತೀರ್ಪು. ಗಂಡ ಕೊಂಡ ಜಾಗ ತಂದೆಗೆ ಮಾರಾಟವಾಗಿ, ತಂದೆಯಿಂದ ತಾಯಿಗೆ ದಾನವಾಗಿ, ಕೊನೆಗೆ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಸೊಸೆಯನ್ನು ಹೊರಹಾಕುವ ಅರ್ಜಿ ಬಂತು. ಜಿಲ್ಲಾಧಿಕಾರಿ, ಹೈಕೋರ್ಟ್ ಎರಡೂ ಕಡೆ ಸೊಸೆ ಸೋತಳು. ಸುಪ್ರೀಂ ಕೋರ್ಟ್ ಆ ಆದೇಶಗಳನ್ನು ರದ್ದುಮಾಡಿತು. ಹಿರಿಯರ ಕಾಯ್ದೆಯ ಸಂಕ್ಷಿಪ್ತ ವಿಚಾರಣೆಯನ್ನು ಬಳಸಿ ಮಹಿಳೆಯ ವಾಸದ ಹಕ್ಕನ್ನು ಅಳಿಸಿಹಾಕುವಂತಿಲ್ಲ ಎಂದಿತು. ಹಾಗೆಂದು ಹಿರಿಯರಿಗೆ ರಕ್ಷಣೆಯೇ ಇಲ್ಲವೆಂದಲ್ಲ. ಒಂದೇ ಸೂರಿನಡಿ ಇರಲಾಗದ ಸ್ಥಿತಿಯಿದ್ದರೆ ಅದೇ ಮಟ್ಟದ ಬೇರೆ ಮನೆಯನ್ನೋ ಬಾಡಿಗೆಯನ್ನೋ ಗಂಡ ಕೊಡಬೇಕೆಂದು ಮ್ಯಾಜಿಸ್ಟ್ರೇಟ್ ಆದೇಶಿಸಬಹುದು. ನ್ಯಾಯಾಲಯಗಳು ಹೀಗೆ ಮಾಡುವುದು ಸಾಮಾನ್ಯ, ನನ್ನ ದೃಷ್ಟಿಯಲ್ಲಿ ಎರಡೂ ಕಡೆಯವರ ನೆಮ್ಮದಿಗೆ ಅದೇ ಮೇಲು.

ಮನೆ ಬಿಟ್ಟು ಬಂದವಳೂ ಕೌಟುಂಬಿಕ ಹಿಂಸೆ ಕಾಯ್ದೆಯಡಿ ವಾಸದ ಹಕ್ಕಿನ ಅರ್ಜಿ ಹಾಕಬಹುದು. ಅರ್ಜಿಯ ದಿನ ಆಕೆ ಆ ಮನೆಯಲ್ಲೇ ಇರಬೇಕಿಲ್ಲ ಎಂದು 2022ರ ಮೇ ತಿಂಗಳ ಪ್ರಭಾ ತ್ಯಾಗಿ ತೀರ್ಪು ಹೇಳುತ್ತದೆ. ಹೊಸ್ತಿಲಿನ ಮಾತಿಗೆ ನೇರ ಉತ್ತರ ಇದೇ.

ಹೊಂಗೆನೆರಳು:
ಅರ್ಜಿಯ ಹಂತಗಳನ್ನೂ ಹೇಳಿಬಿಡಿ. ಹಾಸನದಿಂದ ಬೆಂಗಳೂರಿಗೆ ಓಡಾಡಬೇಕೇ?

ಬೆಳಕಿಂಡಿ:
ಬೇಡ. ಆಕೆ ತಾತ್ಕಾಲಿಕವಾಗಿ ಎಲ್ಲಿ ಇದ್ದಾಳೋ ಅಲ್ಲಿನ ಮ್ಯಾಜಿಸ್ಟ್ರೇಟ್ ಮುಂದೆಯೂ ಹಾಕಬಹುದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ. ಅವರ ಕಚೇರಿಯಲ್ಲಿ ಕೌಟುಂಬಿಕ ಘಟನಾ ವರದಿ ಬರೆಸಿಕೊಳ್ಳುತ್ತಾರೆ. ಸಾಂತ್ವನ ಕೇಂದ್ರ, ಸಖಿ ಕೇಂದ್ರದಲ್ಲೂ ಸಹಾಯ ಮಾಡುತ್ತಾರೆ. ವಕೀಲರ ಶುಲ್ಕ ಕೊಡಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ದೂರವಾಣಿ 15100.

ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನಗಳೊಳಗೆ, ತೀರ್ಮಾನ 60 ದಿನಗಳೊಳಗೆ ಎಂದು ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿದೆ. ನಡೆಯುವುದು ಬೇರೆ. ಆದ್ದರಿಂದ ಮುಖ್ಯ ಅರ್ಜಿಯ ಜೊತೆಯಲ್ಲೇ 23ನೇ ಕಲಮಿನಡಿ ಮಧ್ಯಂತರ ಆದೇಶದ ಅರ್ಜಿ ಇರಲೇಬೇಕು. ಏನು ಬೇಕು ಎಂಬುದನ್ನು ಬಿಡಿಸಿ ಕೇಳಬೇಕು.

ಚಾವಡಿಕಟ್ಟೆ:
ಹೌದು, ಕೇಳದಿದ್ದದ್ದು ಸಿಗುವುದಿಲ್ಲ. 19ನೇ ಕಲಮಿನಡಿ ಕೇಳಬೇಕಾದವು: ಮನೆಯಿಂದ ಹೊರಹಾಕದಂತೆ ತಡೆ, ಮನೆಯನ್ನು ಮಾರದಂತೆ, ಅಡವಿಡದಂತೆ ತಡೆ, ಬೇರೆ ಮನೆ ಅಥವಾ ಬಾಡಿಗೆ, ಸ್ತ್ರೀಧನ ಮತ್ತು ಕಾಗದಪತ್ರ ಹಿಂದಿರುಗಿಸುವ ಆದೇಶ, ಅದಕ್ಕೆ ಠಾಣೆಯ ನೆರವು. 18ನೇ ಕಲಮಿನಡಿ ಲಾಕರ್ ಮತ್ತು ಖಾತೆಗಳಿಗೆ ತಡೆ. ಕೌಟುಂಬಿಕ ಹಿಂಸೆ ನಡೆದಿದೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಆದರೆ ಹೊಡೆದದ್ದು ಮಾತ್ರ ಹಿಂಸೆಯಲ್ಲ: ಖರ್ಚಿಗೆ ಕೊಡದಿರುವುದು, ಒಡವೆ ಕಸಿದಿಡುವುದು, ಮನೆಯ ಸಾಮಾನು ಮಾರುವುದು, ಬೀಗ ಬದಲಿಸುವುದು ಆರ್ಥಿಕ ಹಿಂಸೆಯಾಗುತ್ತದೆ. ರಕ್ಷಣಾ ಆದೇಶ ಮುರಿದರೆ 1 ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಈ ಕಾಯ್ದೆ ಯಾವ ಧರ್ಮದವರಿಗಾದರೂ ಒಂದೇ.

ದಸ್ತಾವೇಜು:
ನೋಂದಣಿ ಕಚೇರಿಯ ಕೆಲಸದ ಬಗ್ಗೆ ನಾನು ಸೇರಿಸುತ್ತೇನೆ. ಹೊರಡುವ ಮುಂಚೆ ಕಾವೇರಿ ತಂತ್ರಾಂಶದಲ್ಲಿ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿ. ಕೊಂಡ ದಿನದಿಂದ ಇವತ್ತಿನವರೆಗೆ ಇರಲಿ. ಕ್ರಯಪತ್ರದ ದೃಢೀಕೃತ ನಕಲಿಗೂ ಅರ್ಜಿ ಹಾಕಿ. ಮೂಲ ಪತ್ರ ಗಂಡನ ಬಳಿ ಇದೆ ಎಂದು ಕೊರಗಬೇಕಿಲ್ಲ, ದೃಢೀಕೃತ ನಕಲು ನ್ಯಾಯಾಲಯದಲ್ಲಿ ನಡೆಯುತ್ತದೆ. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಇಸಿ ತೆಗೆಸುತ್ತಿರಿ.

ಆಸ್ತಿಯ ಖಾತೆಯಲ್ಲಿ ಯಾರ ಹೆಸರಿದೆ ಎಂಬುದಕ್ಕೆ ಜನ ಬಹಳ ಬೆಲೆ ಕೊಡುತ್ತಾರೆ. ಖಾತೆ ತೆರಿಗೆ ಕಟ್ಟುವವರ ದಾಖಲೆ, ಒಡೆತನದ ಪತ್ರವಲ್ಲ.

ತಕರಾರು ಅರ್ಜಿಯನ್ನು ಉಪನೋಂದಣಾಧಿಕಾರಿಗೆ ಕೊಟ್ಟು ನಿಶ್ಚಿಂತೆಯಿಂದ ಕೂರುವವರಿದ್ದಾರೆ. ನ್ಯಾಯಾಲಯದ ತಡೆಯಾಜ್ಞೆ ಇಲ್ಲದ ಬರೀ ತಕರಾರಿಗೆ ನೋಂದಣಿ ನಿಲ್ಲುವುದಿಲ್ಲ. ತಡೆಯಾಜ್ಞೆ ಸಿಕ್ಕರೆ ಅದರ ದೃಢೀಕೃತ ಪ್ರತಿಯನ್ನು ಅದೇ ದಿನ ಕಚೇರಿಗೆ ಮುಟ್ಟಿಸಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಮುಖ್ತ್ಯಾರ್ ಪತ್ರ, ಅಂದರೆ ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಜಿಪಿಎ. ಮನೆ ಕೊಳ್ಳುವಾಗ ಓಡಾಟ ತಪ್ಪಲೆಂದು ಹೆಂಡತಿ ಗಂಡನಿಗೆ ಜಿಪಿಎ ಬರೆದುಕೊಟ್ಟು ಮರೆತಿರುತ್ತಾಳೆ. ಅದರಲ್ಲಿ ಮಾರುವ ಅಧಿಕಾರವೂ ಇದ್ದರೆ ಆಕೆಯ ಪಾಲನ್ನೂ ಸೇರಿಸಿ ಮಾರಬಹುದು. ನೋಂದಣಿಯಾದ ಜಿಪಿಎಯನ್ನು ನೋಂದಾಯಿತ ರದ್ದತಿ ಪತ್ರದಿಂದಲೇ ರದ್ದುಮಾಡಿ. ಗಂಡನಿಗೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ, ಬ್ಯಾಂಕಿಗೂ ಅಪಾರ್ಟ್‌ಮೆಂಟ್ ಸಂಘಕ್ಕೂ ಪ್ರತಿ ಕೊಡಿ. ರದ್ದಾದದ್ದು ತಿಳಿಯದೆ ಪ್ರಾಮಾಣಿಕವಾಗಿ ಕೊಂಡವರನ್ನು ಎದುರಿಸುವುದು ಕಷ್ಟ, ಅದಕ್ಕೇ ತಿಳಿಸುವುದು ಮುಖ್ಯ.

ಕಾವೇರಿತೀರ:
ದಂಪತಿ ಅಮೆರಿಕದಲ್ಲಿದ್ದು ಮನೆ ಮೈಸೂರಿನಲ್ಲಿದ್ದರೆ? ಅಲ್ಲಿನ ನ್ಯಾಯಾಲಯ ಮನೆಯನ್ನೂ ಹಂಚಿಬಿಡುತ್ತದೆಯೇ?

ಚಾವಡಿಕಟ್ಟೆ:
ಇಲ್ಲಿನ ಸ್ಥಿರಾಸ್ತಿಯ ಒಡೆತನವನ್ನು ಅಲ್ಲಿನ ಡಿಕ್ರಿ ನೇರವಾಗಿ ಬದಲಿಸಲಾರದು. ಮೈಸೂರಿನಲ್ಲೇ ದಾವೆ ಹೂಡಬೇಕು ಅಥವಾ ಇಬ್ಬರೂ ಒಪ್ಪಿ ಇಲ್ಲಿ ಪತ್ರ ಮಾಡಿಸಬೇಕು. ಅಲ್ಲಿಂದ ಕಳಿಸುವ ಮುಖ್ತ್ಯಾರ್ ಪತ್ರವನ್ನು ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ, ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಈ 3 ತಿಂಗಳು ದಾಟಿಸಿ ತೊಂದರೆಗೆ ಸಿಕ್ಕುವವರು ಬಹಳ.

ಸಮಚಿತ್ತ:
ಗಂಡನ ಕಡೆಯಿಂದಲೂ ಕೇಳುತ್ತೇನೆ. ಗಂಡಸೇ ಬೇಸತ್ತು ಮನೆ ಬಿಟ್ಟು ಪಿಜಿಗೆ ಹೋದರೆ ಅವನ ಪಾಲು ಹೋಗುತ್ತದೆಯೇ? ಕಂತೆಲ್ಲ ಅವನೇ ಕಟ್ಟಿದ್ದು.

ಚಾವಡಿಕಟ್ಟೆ:
ಅವನದೂ ಹೋಗುವುದಿಲ್ಲ. ಜಂಟಿ ಕ್ರಯಪತ್ರದಲ್ಲಿ ಪಾಲು ಇಷ್ಟಿಷ್ಟು ಎಂದು ಬರೆದಿಲ್ಲದಿದ್ದರೆ, ಹಣ ಹಾಕಿದ ಪ್ರಮಾಣಕ್ಕೆ ತಕ್ಕಂತೆ ಪಾಲು; ಅದಕ್ಕೆ ಪುರಾವೆ ಇಲ್ಲದಿದ್ದರೆ ಸಮಪಾಲು. ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಂ ಇದು. ಆದ್ದರಿಂದ ಮುಂಗಡ ಹಣ, ಕಂತು, ನೋಂದಣಿ ಖರ್ಚು ಯಾವ ಖಾತೆಯಿಂದ ಹೋಯಿತು ಎಂಬ ಬ್ಯಾಂಕ್ ವಿವರಪಟ್ಟಿಯನ್ನು ಮೊದಲ ದಿನದಿಂದ ತೆಗೆದಿಡಬೇಕು. ಹೆಂಡತಿಯ ಕಡೆಯವರು ಗಮನಿಸಬೇಕಾದದ್ದೂ ಇದೆ: ಆಕೆ ಮನೆಖರ್ಚು, ಶಾಲೆಯ ಶುಲ್ಕ ಹೊತ್ತದ್ದರಿಂದಲೇ ಅವನಿಗೆ ಕಂತು ಕಟ್ಟಲು ಆಯಿತು ಎಂದು ವಾದಿಸಲು ಆಕೆಯ ಖಾತೆಯ ವಿವರವೂ ಅಷ್ಟೇ ಬೇಕು.

ಪೂರ್ತಿ ಹೆಂಡತಿಯ ಹೆಸರಿನಲ್ಲೇ ಕೊಂಡಿದ್ದರೆ, ಗೊತ್ತಿರುವ ಆದಾಯದಿಂದ ಹೆಂಡತಿಯ ಹೆಸರಿನಲ್ಲಿ ಕೊಂಡದ್ದು ಬೇನಾಮಿಯಲ್ಲ. ಆದರೆ ಅದು ತನಗಾಗಿಯೇ ಕೊಂಡದ್ದು, ಉಡುಗೊರೆಯಲ್ಲ ಎಂದು ಸಾಬೀತು ಮಾಡುವ ಹೊರೆ ಗಂಡನದು. ಅದು ಹಗುರದ ಹೊರೆಯಲ್ಲ.

ಹೊರಹೋದ ಗಂಡ ಕರೆಂಟು ಕಡಿಸುವುದು, ಕಂತು ನಿಲ್ಲಿಸುವುದು, ಮನೆ ಮಾಲೀಕನಿಗೆ ಬೀಗ ಒಪ್ಪಿಸಿಬಿಡುವುದು ಮಾಡಿದರೆ ಅದೆಲ್ಲ ಅವನ ವಿರುದ್ಧದ ಪುರಾವೆಯಾಗುತ್ತದೆ.

ಠೇವಣಿ:
ಬಾಡಿಗೆ ಮನೆಯಾದರೆ ಹೆಂಡತಿ ಏನು ಮಾಡಬೇಕು ಎಂಬುದನ್ನೂ ಹೇಳಿ ಸರ್. ಕರಾರು ಗಂಡನ ಹೆಸರಿನಲ್ಲಿರುತ್ತದೆ, ಅಡ್ವಾನ್ಸ್ ಹಣವೂ ಅವನಿಗೇ ಮರಳುತ್ತದೆ.

ಚಾವಡಿಕಟ್ಟೆ:
ಇದಕ್ಕೂ ಬೆಂಗಳೂರಿನದೇ ಪ್ರಕರಣ, ಸುಪ್ರೀಂ ಕೋರ್ಟಿನ 2005ರ ಅಚಲಾ ಆನಂದ್ ತೀರ್ಪು. ಬಾಡಿಗೆದಾರ ಗಂಡ ಬಿಟ್ಟುಹೋದ ಮೇಲೆ ಮಾಲೀಕ ಹೂಡುವ ತೆರವು ದಾವೆಯನ್ನು ಅದೇ ಮನೆಯಲ್ಲಿರುವ ಹೆಂಡತಿ ಎದುರಿಸಬಹುದು, ಬಾಡಿಗೆ ಕಟ್ಟಿ ಬಾಡಿಗೆದಾರನ ಎಲ್ಲ ವಾದಗಳನ್ನೂ ಎತ್ತಬಹುದು ಎಂದಿತು. ಆದರೂ ಆಕೆ ಸೋತಳು. ಅಷ್ಟರಲ್ಲಿ ವಿಚ್ಛೇದನವಾಗಿತ್ತು, ಒಪ್ಪಂದದಲ್ಲಿ ಆ ಮನೆಯ ವಾಸದ ಬಗ್ಗೆ ಒಂದು ಸಾಲೂ ಇರಲಿಲ್ಲ. ಹೆಂಡತಿ ಎಂಬ ಕಾರಣಕ್ಕೆ ಬಂದ ಹಕ್ಕು ಡಿಕ್ರಿಯ ಜೊತೆಗೇ ಮುಗಿಯಿತು. ಡಿಕ್ರಿಗೆ ಸಹಿ ಹಾಕುವ ಮುಂಚೆ ಎಲ್ಲಿ ವಾಸ, ಎಷ್ಟು ದಿನ, ಯಾರ ಖರ್ಚಿನಲ್ಲಿ ಎಂಬುದು ಬರಹದಲ್ಲಿರಲೇಬೇಕು.

ಹಗೇವು:
ನಮ್ಮ ಧಾರವಾಡ, ಗದಗ ಕಡೆ ಫ್ಲ್ಯಾಟಿನ ಮಾತು ಕಡಿಮೆ, ಹೊಲದ ಮಾತೇ ಹೆಚ್ಚು. ಅರಿಶಿನ ಕುಂಕುಮಕ್ಕೆ ಅಂತ ತವರಿನವರು ಎರಡು ಎಕರೆ ಬಿಟ್ಟುಕೊಟ್ಟಿರತಾರ. ಗಂಡನೇ ಉಳುಮೆ ಮಾಡತಿರತಾನ. ಮನೆ ಬಿಟ್ಟರ ಅದು ಯಾರದು? ಇನ್ನೊಂದು, ಗಂಡನ ಹಿರಿಯರ ಹೊಲದಾಗ ಪಾಲು?

ದಸ್ತಾವೇಜು:
ಅರಿಶಿನ ಕುಂಕುಮದ ಜಮೀನು ಆಕೆಯದೇ, ಗಂಡ ಉತ್ತರೂ ಅವನದಾಗುವುದಿಲ್ಲ. ತೊಂದರೆ ಇರುವುದು ಕಾಗದದಲ್ಲಿ. ಬಾಯಿಮಾತಿನಲ್ಲಿ ಕೊಟ್ಟು ಪಹಣಿ ಅಣ್ಣನ ಹೆಸರಿನಲ್ಲೇ ಉಳಿದಿದ್ದರೆ ಆಮೇಲೆ ತವರಿನವರ ಜೊತೆಯೇ ಜಗಳ. ಸ್ಥಿರಾಸ್ತಿಯ ದಾನಕ್ಕೆ ನೋಂದಾಯಿತ ಪತ್ರ ಬೇಕು. ಅಣ್ಣತಮ್ಮಂದಿರು ಒಪ್ಪಿರುವಾಗಲೇ ದಾನಪತ್ರ ಮಾಡಿಸಿ, ಮ್ಯುಟೇಶನ್ ಆಗಿ ಪಹಣಿಯ 9ನೇ ಕಾಲಮಿನಲ್ಲಿ ಆಕೆಯ ಹೆಸರು ಬಂದಿದೆಯೇ ನೋಡಿ.

ಗಂಡನ ಹಿರಿಯರ ಆಸ್ತಿಯಲ್ಲಿ ಸೊಸೆ ತಾನಾಗಿ ದಾಯಾದಿಯಲ್ಲ. ಗಂಡ ಬದುಕಿರುವಾಗ "ನನ್ನ ಪಾಲು" ಎಂದು ದಾವೆ ಹೂಡಲಾಗದು. ಅವನಿಗೆ ಬರುವ ಪಾಲಿನ ಮೇಲೆ ಜೀವನಾಂಶದ ಹೊಣೆ ಕೂರಿಸಬಹುದು. ಅವನು ಆ ಪಾಲನ್ನು ತಮ್ಮನಿಗೆ ಬಿಟ್ಟುಕೊಟ್ಟು ಕೈತೊಳೆದುಕೊಳ್ಳುವ ಮುಂಚೆ ಕೇಳಬೇಕು.

ಬೆಳಕಿಂಡಿ:
ಹಳ್ಳಿ ಕಡೆ ಇನ್ನೊಂದು. ಹಿರಿಯರು ಕೂತು ಪಂಚಾಯ್ತಿ ಮಾಡಿ ಛಾಪಾ ಕಾಗದದ ಮೇಲೆ "ನನ್ನ ಸಾಮಾನು, ಒಡವೆ ಎಲ್ಲ ಮುಟ್ಟಿತು, ಇನ್ನು ಮುಂದೆ ಯಾವ ಹಕ್ಕೂ ಇಲ್ಲ" ಎಂದು ಬರೆಸಿ ಸಹಿ ಹಾಕಿಸುತ್ತಾರೆ. ನೋಂದಣಿಯಿಲ್ಲದ ಆ ಕಾಗದದಿಂದ ಮನೆ ಜಮೀನಿನ ಹಕ್ಕು ಹೋಗುವುದಿಲ್ಲ. ಆದರೆ ಒಡವೆ ಮುಟ್ಟಿತೆಂಬ ಮಾತು ಆಕೆಯದೇ ಒಪ್ಪಿಗೆಯಾಗಿ ಆಕೆಯ ವಿರುದ್ಧವೇ ನಿಲ್ಲುತ್ತದೆ. ಕೈಗೆ ಬಂದಷ್ಟನ್ನೇ ತೂಕ ಸಮೇತ ಬರೆಸಿ, ಉಳಿದದ್ದು ಬಾಕಿ ಎಂದು ಸೇರಿಸಿ, ಆಮೇಲೆ ಸಹಿ ಹಾಕಿ. ನೋಟರಿ ಮುಂದೆ ಬರೆದ ವಿಚ್ಛೇದನ ಪತ್ರ ವಿಚ್ಛೇದನವಲ್ಲ ಎಂಬುದೂ ಗೊತ್ತಿರಲಿ. ಅದನ್ನು ನಂಬಿ ಇನ್ನೊಂದು ಮದುವೆಯಾದವರು ಸಂಕಟಕ್ಕೆ ಸಿಕ್ಕಿಕೊಳ್ಳುತ್ತಾರೆ.

ಠೇವಣಿ:
ಯಾರೂ ಎತ್ತದ ಒಂದು ವಿಷಯ: ಉಯಿಲು. ಡಿಕ್ರಿ ಆಗುವ ತನಕ ಗಂಡ ಹೆಂಡತಿ ಗಂಡ ಹೆಂಡತಿಯೇ. ಬೇರೆ ಇದ್ದರೂ ಒಬ್ಬರು ತೀರಿಕೊಂಡರೆ ಇನ್ನೊಬ್ಬರು ವಾರಸುದಾರರು. ನಾಮಿನಿಯೂ ಹಳೆಯವರೇ ಇರುತ್ತಾರೆ.

ಚಾವಡಿಕಟ್ಟೆ:
ಒಳ್ಳೆಯದನ್ನು ನೆನಪಿಸಿದಿರಿ. ಹೆಂಗಸರಿಗಂತೂ ಇದು ತುರ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ಮಹಿಳೆಯ ಸ್ವಂತ ಸಂಪಾದನೆ ಮೊದಲು ಮಕ್ಕಳಿಗೂ ಗಂಡನಿಗೂ, ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ ಹೋಗುತ್ತದೆ. ಹೆತ್ತ ತಂದೆ ತಾಯಿಯ ಸರದಿ ಅದರ ನಂತರ. ತವರಿನಲ್ಲಿ ನೋಡಿಕೊಂಡವರಿಗೆ ಏನೂ ಉಳಿಯದೆ ಹೋಗಬಹುದು. ಬಿಳಿ ಹಾಳೆಯ ಮೇಲೆ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿದರೂ ಉಯಿಲು ಆಗುತ್ತದೆ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಫಲಾನುಭವಿಯನ್ನೇ ಸಾಕ್ಷಿ ಮಾಡಬೇಡಿ.

ದಸ್ತಾವೇಜು:
ಒಪ್ಪಂದದ ಹಂತಕ್ಕೆ ಬಂದವರಿಗೆ ಒಂದು ಲೆಕ್ಕ. ಗಂಡ ಹೆಂಡತಿ ನಡುವಿನ ದಾನಪತ್ರಕ್ಕೆ ನಮ್ಮ ರಾಜ್ಯದಲ್ಲಿ ಸ್ಥಿರ ಮುದ್ರಾಂಕ ಶುಲ್ಕ ಮಾತ್ರ, ಆಸ್ತಿಯ ಬೆಲೆಯ ಮೇಲೆ ಅಲ್ಲ. ಡಿಕ್ರಿಯಾದ ಮೇಲೆ ಅವರು ಕುಟುಂಬದವರಲ್ಲ, ಬೆಲೆಯ ಮೇಲೆ ಪೂರ್ತಿ ಶುಲ್ಕ ಬೀಳುತ್ತದೆ. ಪತ್ರ ಡಿಕ್ರಿಗೆ ಮುಂಚೆ ಆಗಲಿ.

ಚಾವಡಿಕಟ್ಟೆ:
ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿಯಲ್ಲಿ ಎರಡನೇ ಹಂತದವರೆಗೂ, ಅಂದರೆ ಡಿಕ್ರಿಗೆ ಮುಂಚೆ ಇಬ್ಬರೂ ಮತ್ತೆ ಹೇಳಿಕೆ ಕೊಡುವವರೆಗೂ, ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆಯಬಹುದು. ಮೊದಲೇ ದಾನಪತ್ರ ಬರೆದುಕೊಟ್ಟವರು ಆಸ್ತಿಯೂ ಇಲ್ಲದೆ ಡಿಕ್ರಿಯೂ ಇಲ್ಲದೆ ಕೂರಬೇಕಾಗುತ್ತದೆ. ಶುಲ್ಕ ಉಳಿಸುವುದಕ್ಕಿಂತ ಇದು ದೊಡ್ಡದು. ಮಧ್ಯಸ್ಥಿಕೆಯಲ್ಲಿ ಬರೆಯುವ ಒಪ್ಪಂದದಲ್ಲೇ ಕ್ರಮ ಕಟ್ಟಿ: ಎರಡನೇ ಹಂತದ ಹೇಳಿಕೆಗೆ ನಿಗದಿಯಾದ ದಿನಾಂಕದ ಹಿಂದಿನ ವಾರ ಪತ್ರ ನೋಂದಣಿ, ಹಣದ ಡಿಮ್ಯಾಂಡ್ ಡ್ರಾಫ್ಟ್ ಹೇಳಿಕೆಯ ದಿನ ನ್ಯಾಯಾಲಯದಲ್ಲೇ ಹಸ್ತಾಂತರ, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಅದಕ್ಕೂ ಮುಂಚೆ. ಮನೆಯ ಗಡಿ, ಚಕ್ಕುಬಂದಿ, ಖಾತೆ ಸಂಖ್ಯೆ ಎಲ್ಲ ಅರ್ಜಿಯ ಷೆಡ್ಯೂಲಿನಲ್ಲಿರಲಿ.

ಮಲ್ಲಿಗೆಬಳ್ಳಿ:
ಕೊನೆಯದೊಂದು. ಈಗಾಗಲೇ ಹೊರಬಂದು ಮೂರು ತಿಂಗಳಾಗಿ, ಬೀಗವೂ ಬದಲಾಗಿದ್ದರೆ? ಜಂಟಿ ಫ್ಲ್ಯಾಟ್.

ಚಾವಡಿಕಟ್ಟೆ:
ಬೀಗ ಒಡೆಯಲು ಹೋಗಬೇಡಿ. ನಾಳೆಯೇ ಮಾಡಬೇಕಾದ್ದು: ಬದಲಾದ ಬೀಗದ ಫೋಟೋ, ಸಂಘದ ಕಾವಲುಗಾರರ ಪುಸ್ತಕದಲ್ಲಿ ನೀವು ಬಂದು ಮರಳಿದ ನಮೂದು, ಠಾಣೆಗೆ ಮನವಿ ಕೊಟ್ಟು ಹಿಂಬರಹ. ಆಮೇಲೆ ಕೌಟುಂಬಿಕ ಹಿಂಸೆ ಕಾಯ್ದೆಯ ಅರ್ಜಿಯಲ್ಲಿ ಪ್ರವೇಶಕ್ಕೆ ಮಧ್ಯಂತರ ಆದೇಶ ಕೇಳಿ. ಕಾನೂನಿನ ಕ್ರಮವಿಲ್ಲದೆ ಸ್ವಾಧೀನ ತಪ್ಪಿಸಿದ್ದಕ್ಕೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ದಾವೆಗೂ ಅವಕಾಶವಿದೆ, ಆದರೆ ಅದಕ್ಕೆ ಬೀಗ ಬಿದ್ದ ದಿನದಿಂದ 6 ತಿಂಗಳ ಗಡುವು. ಮೂರು ಕಳೆದಿವೆ, ಮೂರು ಉಳಿದಿವೆ. ಈ ವಾರವೇ ವಕೀಲರನ್ನು ಕಾಣಿ.